ಆಯಿಲ್ ಪೇಂಟಿಂಗ್‌ಗೆ ಯಾವ ಎಣ್ಣೆ, ಯಾವ ಮೀಡಿಯಂ? ಬೆಂಗಳೂರಿನ ಮನೆಗಳಲ್ಲಿ ಚಿತ್ರ ಬಿಡಿಸುವವರಿಗೆ

ಕಲಾ ಸಾಮಗ್ರಿ ಅಂಗಡಿಯಲ್ಲಿ ಸಾಲಾಗಿ ಜೋಡಿಸಿಟ್ಟ ಬಾಟಲಿಗಳನ್ನು ನೋಡಿದರೆ ಹೊಸಬರಿಗೆ ತಲೆ ಕೆಡುತ್ತದೆ. ಲಿನ್‌ಸೀಡ್, ಸ್ಟ್ಯಾಂಡ್ ಆಯಿಲ್, ಪಾಪಿ, ಸ್ಯಾಫ್ಲವರ್, ಲಿಕ್ವಿನ್, ಡಮ್ಮರ್, ಟರ್ಪೆಂಟೈನ್. ಹೊಳಪು ಬರುತ್ತದೆ, ಬಣ್ಣ ಚೆನ್ನಾಗಿ ಹರಿಯುತ್ತದೆ ಅಂತ ಎಲ್ಲದರ ಮೇಲೂ ಬರೆದಿರುತ್ತಾರೆ. ಇವುಗಳಲ್ಲಿ ಯಾವುದು ಒಳ್ಳೆಯದು ಅಂತ ಕೇಳುವ ಮೊದಲು, ನಿಮ್ಮ ಬಣ್ಣ ಈಗ ಎಲ್ಲಿ ತೊಂದರೆ ಕೊಡುತ್ತಿದೆ ಅಂತ ನೋಡಿಕೊಳ್ಳಿ. ಬ್ರಶ್ಶಿಗೆ ಬಗ್ಗದಷ್ಟು ಗಟ್ಟಿಯಾಗಿದೆಯಾ? ವಾರವಾದರೂ ಒಣಗುತ್ತಿಲ್ಲವಾ? ಒಣಗಿದ ಮೇಲೆ ಅಲ್ಲಲ್ಲಿ ಕಳೆಗುಂದುತ್ತಿದೆಯಾ? ಮನೆಯವರಿಗೆ ವಾಸನೆ ತಡೆಯಲು ಆಗುತ್ತಿಲ್ಲವಾ? ಒಂದೊಂದಕ್ಕೂ ಉತ್ತರ ಬೇರೆ. ತೊಂದರೆಯೇ ಇಲ್ಲ ಅಂದರೆ ಯಾವ ಬಾಟಲಿಯೂ ಬೇಡ.

ಇದನ್ನು ಒತ್ತಿ ಹೇಳಲು ಕಾರಣ ಇದೆ. ಟ್ಯೂಬಿನ ಬಣ್ಣದಲ್ಲಿ ಆಗಲೇ ಎಣ್ಣೆ ಇರುತ್ತದೆ. ಪಿಗ್ಮೆಂಟ್ ಪುಡಿಯನ್ನು ಎಣ್ಣೆಯಲ್ಲಿ ಅರೆದೇ ಅದನ್ನು ಮಾಡಿರುತ್ತಾರೆ. ಅದರ ಮೇಲೆ ನಾವು ಸುರಿಯುವುದೆಲ್ಲ ಹೆಚ್ಚುವರಿ. ಎಣ್ಣೆ ಜಾಸ್ತಿಯಾದರೆ ಬಣ್ಣ ಹಳದಿಗೆ ತಿರುಗುತ್ತದೆ, ಮೇಲ್ಪದರ ಸುಕ್ಕುಗಟ್ಟುತ್ತದೆ, ಒಳಗೆ ತಿಂಗಳುಗಟ್ಟಲೆ ಹಸಿಯಾಗಿ ಉಳಿಯುತ್ತದೆ. ಟರ್ಪೆಂಟೈನ್ ಜಾಸ್ತಿಯಾದರೆ ಬಣ್ಣಕ್ಕೆ ಹಿಡಿತ ತಪ್ಪಿ ಪುಡಿಪುಡಿಯಾಗುತ್ತದೆ. ಬಣ್ಣದ ಐದನೇ ಒಂದು ಭಾಗಕ್ಕಿಂತ ಹೆಚ್ಚು ಮೀಡಿಯಂ, ಅಂದರೆ ಬಣ್ಣದ ಹರಿವು, ಹೊಳಪು, ಒಣಗುವ ವೇಗ ಬದಲಿಸಲು ಸೇರಿಸುವ ದ್ರವ, ಬೆರೆಸಬಾರದು ಅನ್ನುವುದು ನಾನು ಇಟ್ಟುಕೊಂಡಿರುವ ಮಿತಿ. ಸಾಮಾನ್ಯವಾಗಿ ಅಷ್ಟೂ ಬೇಕಾಗುವುದಿಲ್ಲ.

ಎಣ್ಣೆ ಉಳಿಯುತ್ತದೆ, ಟರ್ಪೆಂಟೈನ್ ಹೋಗುತ್ತದೆ

ಜಲವರ್ಣದಲ್ಲಿ ನೀರು ಆವಿಯಾಗಿ ಬಣ್ಣ ಒಣಗುತ್ತದೆ. ಎಣ್ಣೆ ಹಾಗೆ ಆವಿಯಾಗುವುದಿಲ್ಲ. ಅದು ಗಾಳಿಯಿಂದ ಆಮ್ಲಜನಕ ಎಳೆದುಕೊಂಡು, ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಪದರವಾಗುತ್ತದೆ. ಒಣಗುವಾಗ ಅದರ ತೂಕ ಕಡಿಮೆಯಾಗುವ ಬದಲು ಮೊದಲು ಸ್ವಲ್ಪ ಹೆಚ್ಚಾಗುತ್ತದೆ! ಹಾಗಾಗಿ ನೀವು ಆರಿಸಿದ ಎಣ್ಣೆ ಚಿತ್ರದ ಶಾಶ್ವತ ಭಾಗ. ಟರ್ಪೆಂಟೈನ್ ಬಣ್ಣವನ್ನು ತೆಳುವಾಗಿಸಿ ಹಾರಿಹೋಗುತ್ತದೆ, ಅಷ್ಟೇ.

ಎಲ್ಲ ಎಣ್ಣೆಗೂ ಹೀಗೆ ಗಟ್ಟಿಯಾಗುವ ಗುಣ ಇಲ್ಲ. ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆ, ಹರಳೆಣ್ಣೆ, ಆಲಿವ್ ಎಣ್ಣೆ ಬೆರೆಸಿದರೆ ಚಿತ್ರ ಅಂಟಂಟಾಗಿಯೇ ಉಳಿಯುತ್ತದೆ. ಒಣಗುವ ಎಣ್ಣೆಗಳಲ್ಲಿ ಚಿತ್ರಕಾರರು ಬಳಸುತ್ತಾ ಬಂದಿರುವುದು ಮುಖ್ಯವಾಗಿ ಅಗಸೆ (ಲಿನ್‌ಸೀಡ್), ಅಕ್ರೋಟು, ಗಸಗಸೆ (ಪಾಪಿ) ಮತ್ತು ಕುಸುಬೆ (ಸ್ಯಾಫ್ಲವರ್). ಇದು ಯುರೋಪಿನಲ್ಲೇ ಹುಟ್ಟಿದ ಪದ್ಧತಿ ಅಂತ ತುಂಬಾ ಜನ ನಂಬಿದ್ದಾರೆ. ಆದರೆ ಅಫ್ಘಾನಿಸ್ತಾನದ ಬಾಮಿಯಾನ್ ಬೌದ್ಧ ಗುಹೆಗಳಲ್ಲಿ 7ನೇ ಶತಮಾನದ ಭಿತ್ತಿಚಿತ್ರಗಳನ್ನು ಪರೀಕ್ಷಿಸಿದಾಗ ಒಣಗುವ ಎಣ್ಣೆ ಸಿಕ್ಕಿತು. ಅದು ಅಕ್ರೋಟು ಅಥವಾ ಗಸಗಸೆ ಎಣ್ಣೆ ಇರಬೇಕು ಅಂತ 2008ರಲ್ಲಿ ವಿಜ್ಞಾನಿಗಳು ತಿಳಿಸಿದರು.

ಅಗಸೆಯಲ್ಲೇ ನಾಲ್ಕು ಬಗೆ

ಅಗಸೆ ಎಣ್ಣೆ, ಅಂದರೆ ಲಿನ್‌ಸೀಡ್, ನನ್ನ ಮೊದಲ ಆಯ್ಕೆ. ಅದರಲ್ಲಿ ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಲಿನೊಲೆನಿಕ್ ಆಮ್ಲ ಇರುತ್ತದೆ. ಅದರಿಂದಲೇ ಅದು ಬೇಗ ಒಣಗುತ್ತದೆ, ಅದರಿಂದಲೇ ಪದರ ಗಟ್ಟಿ, ಅದರಿಂದಲೇ ಹಳದಿಗೆ ತಿರುಗುವುದೂ ಜಾಸ್ತಿ. ಒಳ್ಳೆಯದೂ ಕೆಟ್ಟದ್ದೂ ಒಂದೇ ಕಡೆಯಿಂದ ಬರುವುದರಿಂದ ಒಂದನ್ನು ಬಿಟ್ಟು ಇನ್ನೊಂದನ್ನು ಪಡೆಯಲು ಆಗುವುದಿಲ್ಲ.

ಹಳದಿಯಾಗುವುದು ಕತ್ತಲಲ್ಲಿ ಜಾಸ್ತಿ. ಬೀರುವಿನ ಹಿಂದೆ ಗೋಡೆಗೆ ಮುಖ ಮಾಡಿ ನಿಲ್ಲಿಸಿದ ಚಿತ್ರವನ್ನು ವರ್ಷ ಬಿಟ್ಟು ತೆಗೆದರೆ ಬಿಳಿ ಬಣ್ಣ ಬೆಣ್ಣೆ ಬಣ್ಣಕ್ಕೆ ತಿರುಗಿರುತ್ತದೆ. ಗಾಬರಿ ಬೇಡ. ನೇರ ಬಿಸಿಲು ಬೀಳದ, ಬೆಳಕು ಚೆನ್ನಾಗಿ ಬರುವ ಕಡೆ ಕೆಲವು ವಾರ ಇಟ್ಟರೆ ಬಹುಪಾಲು ತಿಳಿಯಾಗುತ್ತದೆ.

ರಿಫೈನ್ಡ್ ಲಿನ್‌ಸೀಡ್ ಎಲ್ಲ ಕಡೆ ಸಿಗುತ್ತದೆ. ಕ್ಯಾಮಲ್ ಬ್ರ್ಯಾಂಡಿನ ಸಣ್ಣ ಬಾಟಲಿ ನಗರದ ಯಾವುದೇ ದೊಡ್ಡ ಸ್ಟೇಷನರಿ ಅಂಗಡಿಯಲ್ಲಿ ಕೇಳಬಹುದು. ಕಲಿಯುವವರಿಗೆ ಅದು ಧಾರಾಳವಾಗಿ ಸಾಕು. ಆಮದು ಬಾಟಲಿಗೆ ದುಡ್ಡು ಹಾಕುವ ಬದಲು ಅದೇ ದುಡ್ಡಲ್ಲಿ ಒಳ್ಳೆಯ ದರ್ಜೆಯ ಬಿಳಿ ಟ್ಯೂಬ್ ಕೊಂಡರೆ ಚಿತ್ರದಲ್ಲಿ ವ್ಯತ್ಯಾಸ ಕಾಣುತ್ತದೆ.

ಸ್ಟ್ಯಾಂಡ್ ಆಯಿಲ್ ಅಂದರೆ ಇದೇ ಎಣ್ಣೆಯನ್ನು ಗಾಳಿ ಸೋಕದಂತೆ ಸುಮಾರು 300 ಡಿಗ್ರಿ ಸೆಲ್ಸಿಯಸ್‌ವರೆಗೆ ಗಂಟೆಗಟ್ಟಲೆ ಕಾಯಿಸಿದ್ದು. ಜೇನುತುಪ್ಪದಷ್ಟು ಮಂದ. ಹಾಗೇ ಬಳಸಲು ಆಗುವುದಿಲ್ಲ, ಒಂದು ಪಾಲು ಎಣ್ಣೆಗೆ ಎರಡು ಪಾಲು ಟರ್ಪೆಂಟೈನ್ ಸೇರಿಸಿಕೊಳ್ಳಬೇಕು. ಕೆನ್ನೆಯ ಮೇಲೆ ತೆಳುವಾದ ಕೆಂಪು ಗ್ಲೇಜ್, ಅಂದರೆ ಕೆಳಗಿನ ಬಣ್ಣ ಕಾಣುವಂಥ ಪಾರದರ್ಶಕ ಪದರ, ಎಳೆಯುವಾಗ ಇದರ ಗುಣ ಗೊತ್ತಾಗುತ್ತದೆ. ಬ್ರಶ್ ಎತ್ತಿದ ತಕ್ಷಣ ಕೂದಲಿನ ಗೆರೆಗಳು ಕಾಣುತ್ತವೆ. ನೋಡುತ್ತಿದ್ದಂತೆ ಅವು ತಾವಾಗಿಯೇ ಮಟ್ಟವಾಗಿ, ಮೇಲ್ಮೈ ನುಣುಪಾಗಿ ಕೂರುತ್ತದೆ. ಹಳದಿಯಾಗುವುದು ಸಾಮಾನ್ಯ ಲಿನ್‌ಸೀಡ್‌ಗಿಂತ ಕಡಿಮೆ. ಒಣಗುವುದು ಮಾತ್ರ ನಿಧಾನ. ಮುಖಚಿತ್ರ, ಹಣ್ಣು, ಹಿತ್ತಾಳೆ ಪಾತ್ರೆ ಇಂಥ ಕೆಲಸಕ್ಕೆ ಇದನ್ನು ಮೀರಿಸುವ ಎಣ್ಣೆ ನಾನು ಕಂಡಿಲ್ಲ. ಬ್ರಶ್ಶಿನ ಗುರುತು ಉಳಿಯಬೇಕು ಅನ್ನುವವರು ಇದನ್ನು ಮುಟ್ಟಬೇಡಿ.

ಹಾರ್ಡ್‌ವೇರ್ ಅಂಗಡಿಯ ಬಾಯಿಲ್ಡ್ ಲಿನ್‌ಸೀಡ್ ಬಡಗಿಗಳಿಗೆ ಸೇರಿದ್ದು. ಬೇಗ ಒಣಗಲಿ ಅಂತ ಅದಕ್ಕೆ ಲೋಹದ ಲವಣಗಳನ್ನು ಸೇರಿಸಿರುತ್ತಾರೆ. ಮರಕ್ಕೆ ಚೆನ್ನ, ಚಿತ್ರದಲ್ಲಿ ಕಾಲಕ್ರಮೇಣ ಕಪ್ಪಾಗುತ್ತದೆ.

ಇನ್ನು ಗಾಣದ ಎಣ್ಣೆ. ಈಗ ಬೆಂಗಳೂರಿನ ಎಷ್ಟೋ ಬಡಾವಣೆಗಳಲ್ಲಿ ಗಾಣದ ಎಣ್ಣೆ ಅಂಗಡಿ ಇದೆ, ಅಲ್ವಾ? ಅಲ್ಲಿ ಸಿಗುವ ಅಗಸೆ ಎಣ್ಣೆ ಚಿತ್ರಕ್ಕೆ ಆಗುತ್ತದಾ ಅಂತ ಕೇಳುವವರು ಇದ್ದಾರೆ. ಆಗುತ್ತದೆ, ಆದರೆ ತೊಳೆಯಬೇಕು. ಹಸಿ ಎಣ್ಣೆಯಲ್ಲಿ ಬೀಜದ ಲೋಳೆ ಇರುತ್ತದೆ. ಗಾಜಿನ ಬಾಟಲಿಗೆ ಎಣ್ಣೆಯಷ್ಟೇ ನೀರು ಹಾಕಿ ಚೆನ್ನಾಗಿ ಕುಲುಕಿ ಬಿಡಿ. ಎಣ್ಣೆ ಮೇಲೆ, ನೀರು ಕೆಳಗೆ, ನಡುವೆ ಬೆಳ್ಳಗೆ ಲೋಳೆಯ ಪದರ ನಿಲ್ಲುತ್ತದೆ. ಎಣ್ಣೆಯನ್ನು ಮಾತ್ರ ಮೇಲಿಂದ ತೆಗೆದು ಮತ್ತೆ ಹೊಸ ನೀರು ಹಾಕಿ. ನೀರು ತಿಳಿಯಾಗಿ ಕಾಣುವವರೆಗೂ ಇದನ್ನೇ ಮಾಡಿ, ಕೊನೆಗೆ ಬಾಟಲಿಯನ್ನು ಕಿಟಕಿಯ ಬಿಸಿಲಲ್ಲಿಟ್ಟರೆ ಬಣ್ಣವೂ ತಿಳಿಯಾಗುತ್ತದೆ. ಹಿಂದಿನ ಚಿತ್ರಕಾರರು ಮಾಡುತ್ತಿದ್ದದ್ದೂ ಇದನ್ನೇ. ತಾಳ್ಮೆ ಇದ್ದವರಿಗೆ ಬಹಳ ಸಂತೋಷ ಕೊಡುವ ಕೆಲಸ. ಆರೋಗ್ಯಕ್ಕೆ ಅಂತ ಮಾರುವ ಬಾಟಲಿಗಳಲ್ಲಿ ವಿಟಮಿನ್ ಇ ಸೇರಿಸಿದ್ದರೆ ಮಾತ್ರ ಕೊಳ್ಳಬೇಡಿ. ಎಣ್ಣೆ ಕೆಡದಂತೆ ತಡೆಯುವ ವಸ್ತು ಅದು ಒಣಗುವುದನ್ನೂ ತಡೆಯುತ್ತದೆ.

ಬಿಳಿ ಬಿಳಿಯಾಗಿಯೇ ಇರಬೇಕು ಅಂದರೆ

ಗಸಗಸೆ ಮತ್ತು ಕುಸುಬೆ ಎಣ್ಣೆಯ ಬಣ್ಣ ತಿಳಿ. ಹಳದಿಯಾಗುವುದು ಕಡಿಮೆ. ಅದಕ್ಕೇ ಅನೇಕ ಕಂಪನಿಗಳು ಬಿಳಿ ಬಣ್ಣವನ್ನು ಲಿನ್‌ಸೀಡ್ ಬದಲು ಇವುಗಳಲ್ಲಿ ಅರೆಯುತ್ತವೆ. ಟ್ಯೂಬಿನ ಹಿಂಬದಿ ಓದಿ, ಬರೆದಿರುತ್ತಾರೆ. ಆದರೆ ಇವುಗಳ ಪದರ ಲಿನ್‌ಸೀಡಿನಷ್ಟು ಗಟ್ಟಿಯಲ್ಲ, ಒಣಗಲು ಹೆಚ್ಚು ದಿನ ಬೇಕು. ಆದ್ದರಿಂದ ಆಕಾಶ, ಬಿಳಿ ಸೀರೆ, ಮಲ್ಲಿಗೆ ಇಂಥ ತಿಳಿ ಬಣ್ಣದ ಜಾಗಕ್ಕೆ, ಅದೂ ಕೊನೆಯ ಪದರಗಳಲ್ಲಿ ಬಳಸಿ. ಇವುಗಳ ಮೇಲೆ ಬೇಗ ಒಣಗುವ ಲಿನ್‌ಸೀಡ್ ಪದರ ಹಾಕಿದರೆ ಬಿರುಕು ಬರುತ್ತದೆ.

ಎರಡರಲ್ಲಿ ನಾನು ಕುಸುಬೆಯನ್ನು ಆರಿಸುತ್ತೇನೆ, ಬೆಲೆ ಕಡಿಮೆ ಅನ್ನುವುದೇ ಕಾರಣ. ಕುಸುಬೆ ನಮ್ಮ ಉತ್ತರ ಕರ್ನಾಟಕದ ಬೆಳೆ. ಹಾಗಂತ ಅಡುಗೆಗೆ ತಂದ ಪ್ಯಾಕೆಟ್ ಒಡೆದು ಪ್ಯಾಲೆಟ್‌ಗೆ ಸುರಿಯಬೇಡಿ. ಅದರಲ್ಲೂ ಕೆಡದಂತೆ ಏನಾದರೂ ಸೇರಿಸಿರಬಹುದು, ಜೊತೆಗೆ ಒಲೀಕ್ ಆಮ್ಲ ಹೆಚ್ಚಿರುವ ತಳಿಯ ಎಣ್ಣೆ ಸರಿಯಾಗಿ ಒಣಗುವುದೇ ಇಲ್ಲ. ಅಡುಗೆಯ ಕುಸುಬೆ ಎಣ್ಣೆಗೆ ಬೇರೆ ಒಳ್ಳೆಯ ಉಪಯೋಗ ಇದೆ. ಬ್ರಶ್ಶಿನ ಬಣ್ಣ ಬಿಡಿಸಲು ಬಳಸಿ, ಆಮೇಲೆ ಸೋಪು ಹಾಕಿ ತೊಳೆಯಿರಿ. ಟರ್ಪೆಂಟೈನ್ ಖರ್ಚು ಪೂರ್ತಿ ಉಳಿಯುತ್ತದೆ.

ಅಕ್ರೋಟಿನ ಎಣ್ಣೆ ಇವೆರಡಕ್ಕೂ ಲಿನ್‌ಸೀಡ್‌ಗೂ ನಡುವಿನದು. ಇಟಲಿಯ ಹಳೆಯ ಕಲಾವಿದರಿಗೆ ಬಹಳ ಪ್ರಿಯವಾಗಿತ್ತು. ತೆಳುವಾಗಿ, ಸೊಗಸಾಗಿ ಹರಿಯುತ್ತದೆ. ಇಲ್ಲಿ ದುಬಾರಿ, ಬಾಟಲಿ ತೆರೆದ ಮೇಲೆ ಬೇಗ ಕಮಟು ವಾಸನೆ ಬರುತ್ತದೆ. ಸಿಕ್ಕರೆ ಬಳಸಿ, ಹುಡುಕಿಕೊಂಡು ಅಲೆಯಬೇಡಿ.

ತೆಳುವಾಗಿಸಲು ಏನು?

ಟರ್ಪೆಂಟೈನ್ ಪೈನ್ ಮರದ ಅಂಟಿನಿಂದ ಬಟ್ಟಿ ಇಳಿಸಿದ್ದು. ವಾಸನೆ ತೀಕ್ಷ್ಣ, ಕೆಲವರಿಗೆ ತಲೆನೋವು, ಕೆಲವರಿಗೆ ಚರ್ಮದ ಅಲರ್ಜಿ. ಪೇಂಟ್ ಅಂಗಡಿಯಲ್ಲಿ ಟರ್ಪೆಂಟೈನ್ ಕೇಳಿದರೆ ಸಾಮಾನ್ಯವಾಗಿ ಕೊಡುವುದು ಪೆಟ್ರೋಲಿಯಂನಿಂದ ಬಂದ ಮಿನರಲ್ ಟರ್ಪೆಂಟೈನ್. ಬ್ರಶ್ ತೊಳೆಯಲು ಸರಿ, ಚಿತ್ರದೊಳಗೆ ಬೆರೆಸಲು ಕಲಾ ಅಂಗಡಿಯ ಶುದ್ಧ ಬಾಟಲಿಯೇ ಇರಲಿ. ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟಿಗೆ ಬಳಸುವ ಥಿನ್ನರ್ ಮಾತ್ರ ಮನೆಯೊಳಗೆ ತರಲೇಬೇಡಿ. ಅದರ ಆವಿ ಬಹಳ ಕೆಟ್ಟದ್ದು.

ವಾಸನೆ ತೆಗೆದ ಮಿನರಲ್ ಸ್ಪಿರಿಟ್ ಬೆಲೆ ಜಾಸ್ತಿ, ಆದರೆ ಫ್ಲಾಟಿನಲ್ಲಿರುವವರಿಗೆ ಅದೇ ಸೂಕ್ತ. ವಾಸನೆ ಇಲ್ಲ ಅಂದ ಮಾತ್ರಕ್ಕೆ ಆವಿ ಇಲ್ಲ ಅಂತಲ್ಲ. ಕಿಟಕಿ ತೆರೆದಿರಲಿ, ಡಬ್ಬಿಗೆ ಮುಚ್ಚಳ ಇರಲಿ. ಇನ್ನೊಂದು ವಿಷಯ, ಡಮ್ಮರ್ ಅನ್ನುವ ಮರದ ರಾಳ ಇದರಲ್ಲಿ ಸರಿಯಾಗಿ ಕರಗುವುದಿಲ್ಲ. ಡಮ್ಮರ್ ಬೇಕು ಅನ್ನುವವರಿಗೆ ನಿಜವಾದ ಟರ್ಪೆಂಟೈನೇ ಬೇಕು.

ಪಿಜಿ ಕೋಣೆ, ಒಂದೇ ಕಿಟಕಿ, ಮಲಗುವುದೂ ಅಲ್ಲೇ ಅನ್ನುವವರಿಗೆ ನನ್ನ ಸಲಹೆ ಬೇರೆ. ನೀರಿನಲ್ಲಿ ಬೆರೆಯುವ ಆಯಿಲ್ ಬಣ್ಣ ಕೊಳ್ಳಿ. ವಿನ್ಸರ್ ಅಂಡ್ ನ್ಯೂಟನ್‌ನ ಆರ್ಟಿಸಾನ್, ರಾಯಲ್ ಟ್ಯಾಲೆನ್ಸ್‌ನ ಕೋಬ್ರಾ ಈ ಜಾತಿಯವು. ಅವುಗಳಲ್ಲೂ ಎಣ್ಣೆಯೇ ಇದೆ, ನೀರಿಗೆ ಹೊಂದುವಂತೆ ಮಾಡಿದ್ದಾರೆ ಅಷ್ಟೇ. ನೀರು ಜಾಸ್ತಿಯಾದರೆ ಬಣ್ಣ ಸ್ವಲ್ಪ ಮಂಕಾಗಿ ಅಂಟುತ್ತದೆ. ಆದರೂ ನಿದ್ದೆ ಮಾಡುವ ಕೋಣೆಯಲ್ಲಿ ಟರ್ಪೆಂಟೈನ್ ಆವಿ ಕುಡಿಯುವುದಕ್ಕಿಂತ ಎಷ್ಟೋ ಮೇಲು.

ಲಿಕ್ವಿನ್ ಅಥವಾ ಡಮ್ಮರ್

ಬಣ್ಣ ಬೇಗ ಒಣಗಿಸುವುದು ಹೇಗೆ ಅನ್ನುವ ಪ್ರಶ್ನೆ ಬೆಂಗಳೂರಿನವರಿಗೆ ಮಳೆಗಾಲದಲ್ಲಿ ಬರುತ್ತದೆ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಇಲ್ಲಿ ಗಾಳಿ ಒಣ, ಬೆಳಕು ಧಾರಾಳ, ಬಣ್ಣ ತಾನಾಗಿ ಒಣಗುತ್ತದೆ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಮೋಡ ಮುಸುಕಿ, ತಂಪು ಮತ್ತು ತೇವ ಸೇರಿದಾಗ ಅದೇ ಬಣ್ಣ ಕೈಗೆ ಅಂಟುತ್ತಲೇ ಇರುತ್ತದೆ. ಜನವರಿಯ ಚಿತ್ರಸಂತೆಗೆ ಕುಮಾರಕೃಪಾ ರಸ್ತೆಯಲ್ಲಿ ಚಿತ್ರ ಇಡಬೇಕು ಅನ್ನುವವರಿಗೆ ನವೆಂಬರ್, ಡಿಸೆಂಬರ್‌ನ ಚಳಿಯಲ್ಲೂ ಇದೇ ಆತಂಕ.

ಆಗ ಲಿಕ್ವಿನ್‌ನಂಥ ಆಲ್ಕಿಡ್ (ಎಣ್ಣೆ ಬೆರೆತ ಕೃತಕ ರಾಳ) ಮೀಡಿಯಂ ನಿಜವಾಗಿ ಸಹಾಯಕ್ಕೆ ಬರುತ್ತದೆ. ಒಣಗುವ ಸಮಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ತೆಳು ಪದರವಾದರೆ ಬಣ್ಣಕ್ಕೆ ತಕ್ಕಂತೆ ಒಂದರಿಂದ ಆರು ದಿನದಲ್ಲಿ ಮುಟ್ಟಬಹುದು. ಹಳದಿಯಾಗುವುದೂ ಕಡಿಮೆ. ಅದರಲ್ಲೂ ಪೆಟ್ರೋಲಿಯಂ ದ್ರಾವಕ ಇದೆ, ಆದ್ದರಿಂದ ಗಾಳಿ ಬೇಕೇ ಬೇಕು. ಇದರ ಸ್ವಭಾವಕ್ಕೆ ಕೈ ಒಗ್ಗಿಸಿಕೊಳ್ಳಬೇಕಾಗುತ್ತದೆ. ಸ್ವಲ್ಪ ಹೊತ್ತಿನಲ್ಲೇ ಬಣ್ಣ ಅಂಟಂಟಾಗಿ ಬ್ರಶ್ಶನ್ನು ಹಿಡಿಯತೊಡಗುತ್ತದೆ. ಆಗ ತಿದ್ದಲು ಹೋದರೆ ಕೆಳಗಿನ ಬಣ್ಣವೂ ಎದ್ದು ಬರುತ್ತದೆ. ಅಂಟತೊಡಗಿದ ಜಾಗವನ್ನು ಬಿಟ್ಟು ಬೇರೆ ಕಡೆ ಕೆಲಸ ಮಾಡಿ, ಮರುದಿನ ಬನ್ನಿ. ಚಿತ್ರ ಮುಗಿದ ಮೇಲೆ ವಾರ್ನಿಷ್ ಬದಲು ಇದನ್ನೇ ಬಳಿಯುವುದು ತಪ್ಪು. ಮುಂದೆ ಯಾರಾದರೂ ಚಿತ್ರ ಶುಚಿ ಮಾಡಬೇಕಾದರೆ ಅದನ್ನು ತೆಗೆಯಲು ಆಗುವುದಿಲ್ಲ.

ಡಮ್ಮರ್ ಮರದ ರಾಳ, ಆಗ್ನೇಯ ಏಷ್ಯಾದ ಕಾಡುಗಳದ್ದು. ನಮ್ಮ ಪಶ್ಚಿಮ ಘಟ್ಟದ ಧೂಪದ ಮರವೂ ಅದೇ ಕುಟುಂಬಕ್ಕೆ ಸೇರಿದ್ದು, ಅದರ ಅಂಟನ್ನೂ ವಾರ್ನಿಷ್‌ಗೆ ಬಳಸಿದ್ದಾರೆ. ಸ್ಟ್ಯಾಂಡ್ ಆಯಿಲ್ ಒಂದು ಪಾಲು, ಡಮ್ಮರ್ ವಾರ್ನಿಷ್ ಒಂದು ಪಾಲು, ಟರ್ಪೆಂಟೈನ್ ಐದು ಪಾಲು ಅನ್ನುವುದು ಹಳೆಯ ಗ್ಲೇಜಿಂಗ್ ಮಿಶ್ರಣ. ಅದರ ಹೊಳಪು, ಆಳ ನಿಜಕ್ಕೂ ಚೆಂದ. ಆದರೂ ನಾನು ಶಿಫಾರಸು ಮಾಡುವುದಿಲ್ಲ. ಡಮ್ಮರ್ ವಯಸ್ಸಾದಂತೆ ಹಳದಿಯಾಗಿ ಪೆಡಸಾಗುತ್ತದೆ. ಅದಕ್ಕಿಂತ ದೊಡ್ಡ ಚಿಂತೆ, ಬಣ್ಣದೊಳಗೆ ರಾಳ ಬೆರೆತರೆ ಮುಂದೆ ವಾರ್ನಿಷ್ ತೆಗೆಯುವ ದ್ರಾವಕ ಚಿತ್ರವನ್ನೂ ಕರಗಿಸಬಹುದು. ಹತ್ತಿರ ಹತ್ತಿರ ಅದೇ ಆಳವನ್ನು ಬರೀ ಸ್ಟ್ಯಾಂಡ್ ಆಯಿಲ್‌ನಲ್ಲಿ ಪಡೆಯಬಹುದು, ಸ್ವಲ್ಪ ಹೆಚ್ಚು ಕಾಯಬೇಕು. ಗ್ಲೇಜ್ ಬೇಕು, ಸಮಯವೂ ಇದೆ ಅನ್ನುವವರಿಗೆ ಸ್ಟ್ಯಾಂಡ್ ಆಯಿಲ್. ಸಮಯ ಇಲ್ಲ ಅನ್ನುವವರಿಗೆ ಲಿಕ್ವಿನ್.

ಎಲ್ಲರಿಗೂ ಹೊಳಪೇ ಬೇಕು ಅಂತೇನಿಲ್ಲ. ಚಿತ್ರಕಲಾ ಪರಿಷತ್ತಿನಲ್ಲಿ ರಷ್ಯನ್ ಮೂಲದ ಕಲಾವಿದ ಸ್ವೆತೊಸ್ಲಾವ್ ರೋರಿಕ್ ಅವರ ಚಿತ್ರಗಳ ಮುಂದೆ ನಿಂತು ನೋಡಿ. ಅವರು ಟೆಂಪೆರಾ, ಅಂದರೆ ಎಣ್ಣೆಯ ಬದಲು ಮೊಟ್ಟೆಯ ಹಳದಿಯಂಥ ಅಂಟಿನಲ್ಲಿ ಕಲಸಿದ ಬಣ್ಣ, ಬಹಳ ಬಳಸಿದವರು, ಎಣ್ಣೆಯ ಮಿನುಗು ಇಲ್ಲದೆಯೇ ಬಣ್ಣ ಬೆಳಗುತ್ತದೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ರವಿವರ್ಮರ ತೈಲಚಿತ್ರಗಳನ್ನು ಪಕ್ಕದಿಂದ, ಬೆಳಕು ಓರೆಯಾಗಿ ಬೀಳುವ ಕಡೆಯಿಂದ ನೋಡಿದರೆ ಇನ್ನೊಂದು ಬಗೆ ಕಾಣುತ್ತದೆ. ಎರಡೂ ನೋಡಿದ ಮೇಲೆ ನಿಮಗೆ ಯಾವ ಮೇಲ್ಮೈ ಬೇಕು ಅನ್ನುವುದು ಸ್ಪಷ್ಟವಾಗುತ್ತದೆ. ಮ್ಯಾಟ್ ಬೇಕಾದವರು ಎಣ್ಣೆ ಸೇರಿಸುವುದನ್ನು ಬಿಟ್ಟು ಜೇನುಮೇಣದ ಮೀಡಿಯಂ ಪ್ರಯತ್ನಿಸಬಹುದು. ಪ್ಯಾಲೆಟ್ ನೈಫ್‌ನಲ್ಲಿ ದಪ್ಪಗೆ ಬಳಿಯುವವರಿಗೂ ಅದು ಹೊಂದುತ್ತದೆ.

ಪದರದ ಲೆಕ್ಕ

ಯಾವ ಎಣ್ಣೆ ಆರಿಸಿದರೂ ಕ್ರಮ ತಪ್ಪಬಾರದು. ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲಕ್ಕೆ ಹೋದಂತೆ ಜಾಸ್ತಿ. ಕಲಾಶಾಲೆಗಳಲ್ಲಿ ಇದನ್ನು ಫ್ಯಾಟ್ ಓವರ್ ಲೀನ್ ಅಂತ ಹೇಳಿಕೊಡುತ್ತಾರೆ. ಎಣ್ಣೆ ಹೆಚ್ಚಿರುವ ಪದರ ನಿಧಾನವಾಗಿ ಒಣಗುತ್ತದೆ, ತುಂಬಾ ದಿನ ಅಲುಗಾಡುತ್ತಿರುತ್ತದೆ. ಅದರ ಮೇಲೆ ಬೇಗ ಒಣಗಿ ಬಿಗಿಯುವ ಪದರ ಕೂತರೆ ಸೀಳುತ್ತದೆ. ಮೊದಲ ಪದರಕ್ಕೆ ಬಣ್ಣ ಮತ್ತು ಒಂಚೂರು ಟರ್ಪೆಂಟೈನ್, ಎರಡನೆಯದಕ್ಕೆ ಬರೀ ಟ್ಯೂಬಿನ ಬಣ್ಣ, ಮೂರನೆಯದಕ್ಕೆ ಕೆಲವು ಹನಿ ಎಣ್ಣೆ. ಇಷ್ಟೇ ಸಾಕು.

ಬಣ್ಣಗಳಿಗೂ ತಮ್ಮದೇ ವೇಗ ಇದೆ. ಬರ್ಂಟ್ ಅಂಬರ್‌ನಲ್ಲಿ ಮ್ಯಾಂಗನೀಸ್ ಇರುವುದರಿಂದ ಅದು ಮರುದಿನವೇ ಒಣಗಬಹುದು. ಐವರಿ ಬ್ಲ್ಯಾಕ್, ಕ್ಯಾಡ್ಮಿಯಂ ಕೆಂಪು, ಅಲಿಜರಿನ್ ಬಹಳ ನಿಧಾನ. ಕಪ್ಪನ್ನು ಅಡಿಪದರಕ್ಕೆ ದಪ್ಪಗೆ ಬಳಿದು ಅದರ ಮೇಲೆ ಅಂಬರ್ ಹಾಕಿದರೆ ಮೀಡಿಯಂ ಎಷ್ಟೇ ಒಳ್ಳೆಯದಿದ್ದರೂ ಉಪಯೋಗವಿಲ್ಲ.

ಒಣಗಿದ ಮೇಲೆ ಕೆಲವು ಜಾಗ ಮಂಕಾಗಿ, ಕೆಲವು ಜಾಗ ಹೊಳೆಯುತ್ತಾ ಕಾಣುವುದಕ್ಕೆ ಹೊಸ ಮೀಡಿಯಂ ಕೊಳ್ಳಬೇಕಿಲ್ಲ. ಕ್ಯಾನ್ವಾಸ್ ಎಣ್ಣೆ ಹೀರಿಕೊಂಡಿದೆ ಅಥವಾ ಟರ್ಪೆಂಟೈನ್ ಜಾಸ್ತಿಯಾಗಿದೆ ಅಂತ ಅರ್ಥ. ಪೂರ್ತಿ ಒಣಗಿದ ಜಾಗಕ್ಕೆ ಲಿನ್‌ಸೀಡ್ ಮತ್ತು ಟರ್ಪೆಂಟೈನ್ ಮಿಶ್ರಣವನ್ನು ಬಟ್ಟೆಯಲ್ಲಿ ಅತಿ ತೆಳುವಾಗಿ ಸವರಿ, ಉಳಿದದ್ದನ್ನು ಒರೆಸಿಬಿಡಿ. ಬಣ್ಣ ಮರಳಿ ಎದ್ದು ಕಾಣುತ್ತದೆ, ಅದರ ಮೇಲೆ ಕೆಲಸ ಮುಂದುವರಿಸಬಹುದು.

ಕೊಳ್ಳುವ ಮೊದಲು ಒಂದು ಪಟ್ಟಿ

ಸ್ನೇಹಿತರ ಹತ್ತಿರ ಇರುವ ಬಾಟಲಿಗಳಿಂದ ಒಂದೊಂದು ಚಮಚ ಕೇಳಿ ತನ್ನಿ. ಪ್ರೈಮ್ ಮಾಡಿದ (ಅಸ್ತರ ಬಳಿದ) ಎರಡು ಹಲಗೆ ತುಂಡುಗಳ ಮೇಲೆ, ಪ್ರತಿ ಎಣ್ಣೆಗೂ ಒಂದು ಪಟ್ಟಿ ಟೈಟಾನಿಯಂ ಬಿಳಿ, ಒಂದು ಪಟ್ಟಿ ಬರ್ಂಟ್ ಅಂಬರ್ ಬಳಿಯಿರಿ. ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಹೆಸರು, ತಾರೀಖು ಬರೆಯಿರಿ. ಒಂದನ್ನು ಗೋಡೆಗೆ ತೂಗುಹಾಕಿ, ಇನ್ನೊಂದನ್ನು ಬೀರುವಿನೊಳಗೆ ಇಡಿ. ದಿನಾ ಬೆರಳ ತುದಿಯಿಂದ ಮೂಲೆಯಲ್ಲಿ ಮುಟ್ಟಿ ನೋಡಿ. ನಿಮ್ಮ ಮನೆಯಲ್ಲಿ, ನಿಮ್ಮ ಕಿಟಕಿಯ ಬೆಳಕಲ್ಲಿ ಯಾವುದು ಎಷ್ಟು ದಿನಕ್ಕೆ ಒಣಗುತ್ತದೆ ಅನ್ನುವುದನ್ನು ಇದಕ್ಕಿಂತ ಚೆನ್ನಾಗಿ ಯಾರೂ ಹೇಳಲಾರರು. ಕೆಲವು ತಿಂಗಳ ನಂತರ ಎರಡು ಹಲಗೆಗಳನ್ನು ಅಕ್ಕಪಕ್ಕ ಇಟ್ಟರೆ ಹಳದಿಯ ವ್ಯತ್ಯಾಸವೂ ಕಾಣುತ್ತದೆ.

ಸದ್ಯಕ್ಕೆ ಒಂದೇ ಬಾಟಲಿ ಕೊಳ್ಳುವುದಾದರೆ ರಿಫೈನ್ಡ್ ಲಿನ್‌ಸೀಡ್. ಎರಡನೆಯದಕ್ಕೆ ದುಡ್ಡಿದ್ದರೆ ವಾಸನೆ ತೆಗೆದ ಮಿನರಲ್ ಸ್ಪಿರಿಟ್. ಮೂರನೆಯದು ನಿಮ್ಮ ಕೆಲಸ ನೋಡಿಕೊಂಡು ಸ್ಟ್ಯಾಂಡ್ ಆಯಿಲ್ ಅಥವಾ ಲಿಕ್ವಿನ್. ದೊಡ್ಡ ಬಾಟಲಿ ಬೇಡ. ಅರ್ಧ ಖಾಲಿಯಾದ ಬಾಟಲಿಯಲ್ಲಿ ಗಾಳಿ ಸೇರಿ ಎಣ್ಣೆ ದಪ್ಪವಾಗುತ್ತದೆ. ಉಳಿದದ್ದನ್ನು ಚಿಕ್ಕ ಗಾಜಿನ ಬಾಟಲಿಗೆ ಕುತ್ತಿಗೆವರೆಗೆ ತುಂಬಿಸಿಡಿ.

ಎಣ್ಣೆ ಒರೆಸಿದ ಬಟ್ಟೆಯ ವಿಷಯದಲ್ಲಿ ದಯವಿಟ್ಟು ಎಚ್ಚರ. ಲಿನ್‌ಸೀಡ್ ಒಣಗುವಾಗ ಶಾಖ ಹುಟ್ಟುತ್ತದೆ. ಮುದ್ದೆ ಮಾಡಿ ಕಸದ ಬುಟ್ಟಿಗೆ ಎಸೆದ ಬಟ್ಟೆಯಲ್ಲಿ ಆ ಶಾಖ ಒಳಗೇ ಕೂಡಿಕೊಂಡು, ಕಡ್ಡಿ ಗೀರದಿದ್ದರೂ ಬೆಂಕಿ ಹೊತ್ತಿಕೊಳ್ಳಬಹುದು. ಬಟ್ಟೆಯನ್ನು ನೀರಲ್ಲಿ ನೆನೆಸಿ ಮುಚ್ಚಳದ ಲೋಹದ ಡಬ್ಬಿಗೆ ಹಾಕಿ, ಇಲ್ಲವೇ ತಾರಸಿಯಲ್ಲಿ ಒಂದೊಂದಾಗಿ ಹರಡಿ ಪೂರ್ತಿ ಒಣಗಿಸಿ ಎಸೆಯಿರಿ. ಕೊಳೆಯಾದ ಟರ್ಪೆಂಟೈನನ್ನು ಸಿಂಕಿಗೆ ಸುರಿಯಬೇಡಿ. ರಾತ್ರಿಯಿಡೀ ಬಿಟ್ಟರೆ ಬಣ್ಣ ತಳಕ್ಕೆ ಕೂರುತ್ತದೆ, ಮೇಲಿನ ತಿಳಿಯನ್ನು ಬೇರೆ ಬಾಟಲಿಗೆ ಬಗ್ಗಿಸಿಕೊಂಡು ಮತ್ತೆ ಬಳಸಬಹುದು.